ಮಗ್ಗದ ಮನೆಯಲ್ಲಿ ಬೆಳಕಿನ ಪಾಠ: ಕ್ಯಾಮೆರಾದಿಂದ ಬೇರ್ಪಡಿಸಿದ ಫ್ಲಾಶ್

ಕೊಯಮತ್ತೂರು ಮತ್ತು ತಿರುಪ್ಪೂರು ಜಿಲ್ಲೆಗಳಲ್ಲಿ ಕನ್ನಡವು ಬಹುಮಟ್ಟಿಗೆ ಮನೆಯೊಳಗಿನ ನುಡಿ. ಸಿರುಮುಗೈ, ನೆಗಮಂ ಮುಂತಾದ ಊರುಗಳ ದೇವಾಂಗ ನೇಕಾರ ಕುಟುಂಬಗಳ ಮಕ್ಕಳು ಅಜ್ಜಿಯೊಡನೆ ಕನ್ನಡವನ್ನೂ ಬೀದಿಯಲ್ಲಿ ಹಾಗೂ ಶಾಲೆಯಲ್ಲಿ ತಮಿಳನ್ನೂ ಆಡುತ್ತಾರೆ. ತಾಳವಾಡಿಯಲ್ಲೋ ಹೊಸೂರಿನಲ್ಲೋ ಇರುವಂತೆ ಕನ್ನಡ ಬರಹವು ಇಲ್ಲಿನ ಮಗುವಿನ ಕಣ್ಣಿಗೆ ದಿನವೂ ಬೀಳುವುದಿಲ್ಲ. ಆದುದರಿಂದ ಕನ್ನಡವನ್ನು ಓದಲು ಬಂದ ಮಗುವಿಗೆ ಶಿಕ್ಷಕರು ಮೊದಲು ಒದಗಿಸಬೇಕಾದುದು ಬರೆಯುವುದಕ್ಕೆ ಒಂದು ಕಾರಣ. ಈ ಪಾಠವು ಅಂತಹ ಕಾರಣವೊಂದನ್ನು ಮಗ್ಗದ ಮನೆಯಲ್ಲಿಯೇ ಹುಡುಕುತ್ತದೆ. ಮಗ್ಗದಲ್ಲಿ ಕುಳಿತ ಹಿರಿಯರೊಬ್ಬರ ಭಾವಚಿತ್ರವನ್ನು ಚೆನ್ನಾಗಿ ತೆಗೆಯುವುದು, ಆ ಚಿತ್ರದ ಕೆಳಗೆ ಕನ್ನಡದಲ್ಲಿ ಒಂದು ಪ್ಯಾರಾ ಬರೆಯುವುದು, ಇವೆರಡೇ ಇದರ ಕೆಲಸ. ಒಂಬತ್ತು ಮತ್ತು ಹತ್ತನೆಯ ತರಗತಿಯ ಮಕ್ಕಳಿಗೆ ಇದು ತಕ್ಕುದು. ಬೆಳಕನ್ನು ಕುರಿತು ವಿಜ್ಞಾನ ಪುಸ್ತಕದಲ್ಲಿ ಅವರು ಓದುವ ಸಂಗತಿಗಳು ಇಲ್ಲಿ ಕೈಗೆ ಸಿಗುತ್ತವೆ.

ಮೊದಲ ತರಗತಿಯಲ್ಲಿ ಶಿಕ್ಷಕರು ಮಕ್ಕಳ ಮನೆಯ ಫೋನಿನಲ್ಲಿ ಈಗಾಗಲೇ ಇರುವ ಚಿತ್ರಗಳನ್ನು ತರಿಸಿ ನೋಡಬೇಕು. ಅವುಗಳಲ್ಲಿ ಒಂದಾದರೂ ಹೀಗಿರುತ್ತದೆ: ಕತ್ತಲೆಯ ಕೋಣೆ, ನಡುವೆ ಸುಣ್ಣ ಬಳಿದಂತೆ ಬೆಳ್ಳಗಾದ ಅಜ್ಜನ ಮುಖ, ಹಣೆಯ ಮೇಲೆ ಎಣ್ಣೆಯ ಹೊಳಪು, ಬೆನ್ನ ಹಿಂದಿನ ಗೋಡೆಯ ಮೇಲೆ ಗಡುಸಾದ ಕರಿನೆರಳು. ಮಗ್ಗ ಎಲ್ಲಿದೆಯೆಂದೇ ತಿಳಿಯದು. ಅಜ್ಜ ರಾತ್ರಿ ಸಿಕ್ಕಿಬಿದ್ದ ಕಳ್ಳನಂತೆ ಕಾಣುತ್ತಾನೆ. ಇದು ಅಜ್ಜನ ದೋಷವೂ ಅಲ್ಲ, ಫೋನಿನ ಬೆಲೆಯ ದೋಷವೂ ಅಲ್ಲ. ಬೆಳಕು ಹೊರಡುವ ಜಾಗ ಮತ್ತು ನೋಡುವ ಕಣ್ಣಿನ ಜಾಗ ಎರಡೂ ಒಂದೇ ಆದಾಗ ನೆರಳುಗಳೆಲ್ಲ ವಸ್ತುವಿನ ಹಿಂದೆ ಅಡಗುತ್ತವೆ. ನೆರಳಿಲ್ಲದ ಮುಖದಲ್ಲಿ ಮೂಗು, ಕೆನ್ನೆ, ಸುಕ್ಕುಗಳ ಏರುತಗ್ಗು ಇರದು. ಕೋಣೆಯಲ್ಲಿದ್ದ ಸಹಜ ಬೆಳಕನ್ನು ಕ್ಯಾಮೆರಾ ಲೆಕ್ಕಕ್ಕೆ ತೆಗೆದುಕೊಳ್ಳದಿರುವುದರಿಂದ ಹಿನ್ನೆಲೆ ಕಪ್ಪಾಗುತ್ತದೆ. ಈ ಎರಡು ಕಾರಣಗಳನ್ನು ಮಕ್ಕಳೇ ಹೇಳುವಂತೆ ಮಾಡಿದರೆ ಪಾಠದ ಅರ್ಧ ಮುಗಿದಂತೆ. ಉಳಿದ ಅರ್ಧವೆಂದರೆ ಫ್ಲಾಶನ್ನು ಕ್ಯಾಮೆರಾದ ನೆತ್ತಿಯಿಂದ ಇಳಿಸಿ ಬೇರೆ ಕಡೆ ಇಡುವುದು.

ಬೇಕಾದ ಸಾಮಗ್ರಿ ಹೆಚ್ಚಿಲ್ಲ. ಕೈಯಿಂದ ಹೊಂದಿಸಬಹುದಾದ ಒಂದು ಕ್ಯಾಮೆರಾ, ಬಿಡಿ ಫ್ಲಾಶ್ ಒಂದು, ಅದನ್ನು ದೂರದಿಂದ ಬೆಳಗಿಸುವ ರೇಡಿಯೊ ಟ್ರಿಗರ್ ಒಂದು ಜೋಡಿ ಸಾಕು. ಇವು ಶಾಲೆಯಲ್ಲಿ ಇಲ್ಲದಿದ್ದರೆ ಊರಿನ ಮದುವೆ ಛಾಯಾಗ್ರಾಹಕರೊಬ್ಬರನ್ನು ಅರ್ಧ ದಿನಕ್ಕೆ ಕರೆತರುವುದು ಸುಲಭ. ತಿರುಪ್ಪೂರಿನಲ್ಲಿ ರಫ್ತಿನ ಬನಿಯನ್, ಅಂಗಿಗಳ ಕ್ಯಾಟಲಾಗ್ ಚಿತ್ರಗಳನ್ನು ತೆಗೆಯುವುದೇ ಕೆಲವರ ಜೀವನೋಪಾಯವಾಗಿದ್ದು, ಬಟ್ಟೆಗೆ ಬೆಳಕು ಹಿಡಿಯುವ ವಿದ್ಯೆಯಲ್ಲಿ ಅವರು ನುರಿತವರು. ಫ್ಲಾಶಿನ ಕಂಬವನ್ನು ಒಬ್ಬ ವಿದ್ಯಾರ್ಥಿ ಹಿಡಿದು ನಿಲ್ಲಬಹುದು. ಫ್ಲಾಶಿನ ಒಳಗಿರುವ ಕೆಪಾಸಿಟರ್‌ನಲ್ಲಿ ಸುಮಾರು 300 ವೋಲ್ಟ್ ಸಂಗ್ರಹವಾಗಿರುತ್ತದೆ. ಬ್ಯಾಟರಿ ತೆಗೆದ ಮೇಲೆಯೂ ಅದು ಉಳಿದಿರಬಹುದಾದ್ದರಿಂದ, ಕೆಟ್ಟ ಫ್ಲಾಶನ್ನು ಬಿಚ್ಚಿ ನೋಡುವ ಉತ್ಸಾಹಕ್ಕೆ ಅವಕಾಶ ಕೊಡಬಾರದು. ಶಿಶುಗಳ ಕಣ್ಣಿನ ಹತ್ತಿರವೂ, ಮೂರ್ಛೆರೋಗ ಇರುವವರ ಮುಂದೆಯೂ ಫ್ಲಾಶ್ ಬೆಳಗಿಸಬಾರದು. ಇದನ್ನು ಮನೆಯವರನ್ನು ಕೇಳಿಯೇ ತಿಳಿದುಕೊಳ್ಳತಕ್ಕದ್ದು.

ಎರಡು ಬೆಳಕು, ಎರಡು ಕೀಲಿ

ಹೊಸಬರು ಹೆಚ್ಚಾಗಿ ಎಡವುವುದು ಈ ಜಾಗದಲ್ಲಿ. ಆದ್ದರಿಂದ ಇಲ್ಲಿ ಸಾವಕಾಶವಾಗಿ ನಡೆಯಬೇಕು. ಫ್ಲಾಶ್ ಬಳಸಿದ ಪ್ರತಿಯೊಂದು ಚಿತ್ರವೂ ಒಂದರ ಮೇಲೊಂದು ಬಿದ್ದ ಎರಡು ಚಿತ್ರಗಳಾಗಿರುತ್ತದೆ. ಒಂದು, ಕಿಟಕಿ ಮತ್ತು ದೀಪದಿಂದ ಬಂದ ನೆಲೆಯ ಬೆಳಕಿನ ಚಿತ್ರ. ಇನ್ನೊಂದು, ಫ್ಲಾಶಿನ ಚಿತ್ರ. ನೆಲೆಯ ಬೆಳಕು ಕೊಡದಿಂದ ಸಣ್ಣಗೆ ಸುರಿಯುವ ನೀರಿನಂತೆ; ಶಟರ್ ಎಷ್ಟು ಹೊತ್ತು ತೆರೆದಿರುವುದೋ ಅಷ್ಟು ತುಂಬುತ್ತದೆ. ಫ್ಲಾಶ್ ಹಾಗಲ್ಲ, ಒಂದೇ ಬಾರಿಗೆ ಎರಚಿದ ಚೊಂಬು ನೀರು. ಸಾಮಾನ್ಯ ಬಿಡಿ ಫ್ಲಾಶ್ ಪೂರ್ಣ ಶಕ್ತಿಯಲ್ಲಿ ಸೆಕೆಂಡಿನ ಕೆಲವು ನೂರನೆಯ ಭಾಗದಿಂದ ಸಾವಿರದ ಒಂದು ಭಾಗದೊಳಗೆ ಬೆಳಗಿ ಆರುತ್ತದೆ. ಶಕ್ತಿಯನ್ನು ಇಳಿಸಿದಂತೆ ಅವಧಿಯೂ ಕುಗ್ಗಿ ಸೆಕೆಂಡಿನ ಹತ್ತುಸಾವಿರದ ಒಂದು ಭಾಗದ ಸಮೀಪಕ್ಕೆ ಬರುತ್ತದೆ. ಶಟರ್ 1/30 ಸೆಕೆಂಡ್ ತೆರೆದಿರಲಿ, 1/125 ಸೆಕೆಂಡ್ ತೆರೆದಿರಲಿ, ಫ್ಲಾಶಿನ ಬೆಳಕು ಪೂರ್ತಿಯಾಗಿ ಒಳಗೆ ಬಂದಿರುತ್ತದೆ. ಆದುದರಿಂದ ಶಟರ್ ಎಂಬುದು ನೆಲೆಯ ಬೆಳಕಿನ ಕೀಲಿ ಮಾತ್ರ. ಫ್ಲಾಶಿನ ಕೀಲಿಗಳು ಅದರ ಶಕ್ತಿ ಮತ್ತು ಅದರ ದೂರ. ಅಪರ್ಚರ್ ಹಾಗೂ ಐಎಸ್ಒ ಎರಡೂ ಬೆಳಕುಗಳನ್ನು ಒಟ್ಟಿಗೆ ಏರಿಸಿ ಇಳಿಸುತ್ತವೆ.

ಇದನ್ನು ಬಾಯಿಮಾತಿನಲ್ಲಿ ಹೇಳಿ ನಂಬಿಸುವುದಕ್ಕಿಂತ ಕಣ್ಣೆದುರಿಗೆ ತೋರಿಸುವುದು ಮೇಲು. ಕಾರ್ಯಾಗಾರದ ಪ್ರಯೋಜನವೇ ಅದು. ತೆಗೆದ ಚಿತ್ರ ಆ ಕ್ಷಣವೇ ಪರದೆಯ ಮೇಲೆ ಕಾಣುವುದರಿಂದ ಊಹೆ ಸರಿಯೋ ತಪ್ಪೋ ಎಂದು ಮಗುವಿಗೆ ತಾನೇ ತಿಳಿಯುತ್ತದೆ. ಒಬ್ಬ ವಿದ್ಯಾರ್ಥಿಯನ್ನು ಕಿಟಕಿಯಿಂದ ದೂರ ಕೂರಿಸಿ, ಫ್ಲಾಶನ್ನು ಪಕ್ಕದಿಂದ ಅವನ ಮುಖಕ್ಕೆ ಹೊಂದಿಸಿ, ಬೇರೇನನ್ನೂ ಮುಟ್ಟದೆ ಶಟರನ್ನು 1/30, 1/60, 1/125 ಎಂದು ಬದಲಿಸಿ ಮೂರು ಚಿತ್ರ ತೆಗೆಯಬೇಕು. ಪ್ರತಿ ಚಿತ್ರಕ್ಕೆ ಮುನ್ನ ಏನಾಗುವುದೆಂದು ಮಕ್ಕಳು ಕನ್ನಡದಲ್ಲಿ ಒಂದು ವಾಕ್ಯ ಬರೆಯಲಿ. ಮುಖವೂ ಕಪ್ಪಾಗುವುದೆಂದು ಹೆಚ್ಚಿನವರು ಬರೆಯುತ್ತಾರೆ. ಕಪ್ಪಾಗುವುದು ಕೋಣೆ, ಮುಖ ಇದ್ದಂತೆಯೇ ಇರುತ್ತದೆ. ತಪ್ಪಿದ ವಾಕ್ಯವನ್ನು ಅಳಿಸಲು ಬಿಡದೆ, ಅದರ ಕೆಳಗೆ ‘ಆದರೆ’ ಎಂದು ಆರಂಭವಾಗುವ ಇನ್ನೊಂದು ವಾಕ್ಯವನ್ನು ಬರೆಸಬೇಕು.

ಶಟರಿನ ವೇಗಕ್ಕೂ ಒಂದು ಮಿತಿಯಿದೆ. ಹೆಚ್ಚಿನ ಕ್ಯಾಮೆರಾಗಳಲ್ಲಿ ಅದು 1/200 ಅಥವಾ 1/250. ಶಟರಿನಲ್ಲಿ ಎರಡು ಪರದೆಗಳಿದ್ದು, ಒಂದು ತೆರೆಯುತ್ತ ಹೋದಂತೆ ಇನ್ನೊಂದು ಹಿಂದೆಯೇ ಮುಚ್ಚುತ್ತ ಬರುತ್ತದೆ. ವೇಗ ಹೆಚ್ಚಿದರೆ ಮೊದಲನೆಯದು ಪೂರ್ತಿ ತೆರೆಯುವ ಮೊದಲೇ ಎರಡನೆಯದು ಹೊರಡುತ್ತದೆ. ಆ ಹೊತ್ತಿಗೆ ಫ್ಲಾಶ್ ಬೆಳಗಿದರೆ ಚಿತ್ರದ ಒಂದು ಪಟ್ಟಿ ಕಪ್ಪಾಗಿ ಬರುತ್ತದೆ. ಈ ಕಪ್ಪು ಪಟ್ಟಿಯನ್ನು ಒಮ್ಮೆ ಬೇಕೆಂದೇ ತೆಗೆದು ತೋರಿಸಿದರೆ ಮಕ್ಕಳು ಮರೆಯುವುದಿಲ್ಲ.

ದೂರದ ಲೆಕ್ಕ

ಬೆಳಕಿನ ಪ್ರಖರತೆ ದೂರದ ವರ್ಗಕ್ಕೆ ವಿಲೋಮವಾಗಿ ಇಳಿಯುತ್ತದೆ. ಒಂದು ಮೀಟರ್ ದೂರದಲ್ಲಿ ಬಿದ್ದ ಬೆಳಕು ಎರಡು ಮೀಟರಿಗೆ ನಾಲ್ಕನೆಯ ಒಂದು ಭಾಗ, ಮೂರು ಮೀಟರಿಗೆ ಒಂಬತ್ತನೆಯ ಒಂದು ಭಾಗ. ಫ್ಲಾಶ್ ತಯಾರಕರು ಪೆಟ್ಟಿಗೆಯ ಮೇಲೆ ಮುದ್ರಿಸುವ ಮಾರ್ಗಸೂಚಿ ಸಂಖ್ಯೆ ಈ ನಿಯಮದ ಅಡಕ ರೂಪ. ಐಎಸ್ಒ 100ರಲ್ಲಿ ಆ ಸಂಖ್ಯೆ 32 ಆಗಿದ್ದರೆ, ಮೀಟರಿನ ದೂರವನ್ನು ಅಪರ್ಚರಿನಿಂದ ಗುಣಿಸಿದಾಗ 32 ಬರಬೇಕು: ನಾಲ್ಕು ಮೀಟರಿಗೆ ಎಫ್/8, ಎರಡು ಮೀಟರಿಗೆ ಎಫ್/16. ಐಎಸ್ಒ ನಾಲ್ಕು ಪಟ್ಟು ಹೆಚ್ಚಿದರೆ ಸಂಖ್ಯೆ ಎರಡು ಪಟ್ಟಾಗುತ್ತದೆ.

ಮಗ್ಗದ ಮನೆಗೆ ಈ ಲೆಕ್ಕ ಹೀಗೆ ಒದಗುತ್ತದೆ. ಕಿಟಕಿ ಸಣ್ಣದಾದ ಕೋಣೆಯಲ್ಲಿ ಐಎಸ್ಒ 400, ಎಫ್/4, 1/15 ಸೆಕೆಂಡಿಗೆ ಸಹಜ ಬೆಳಕಿನ ಚಿತ್ರ ಸರಿಯಾಗಿ ಬರುತ್ತದೆಂದು ಭಾವಿಸೋಣ. ಕೋಣೆ ಒಂದು ಹಂತ ಮಬ್ಬಾಗಿ, ಆದರೂ ಕಾಣುವಂತೆ ಇರಬೇಕಾದರೆ ಶಟರ್ 1/30. ಈಗ ಎರಡು ಮೀಟರ್ ದೂರದ ಫ್ಲಾಶ್ ಮುಖಕ್ಕೆ ಎಫ್/4ರಷ್ಟೇ ಬೆಳಕು ಕೊಡಬೇಕು. ಐಎಸ್ಒ 400ರಲ್ಲಿ ಮಾರ್ಗಸೂಚಿ ಸಂಖ್ಯೆ 64; ಪೂರ್ಣ ಶಕ್ತಿಯಲ್ಲಿ ಎರಡು ಮೀಟರಿಗೆ ಎಫ್/32 ಬೇಕಾಗುವಷ್ಟು ಬೆಳಕು. ಎಫ್/32ರಿಂದ ಎಫ್/4ಕ್ಕೆ ಆರು ಹಂತ. ಆರು ಬಾರಿ ಅರ್ಧ ಮಾಡಿದರೆ 1/64 ಶಕ್ತಿ. ನಡುವೆ ಬಟ್ಟೆಯ ಪರದೆ ಕಟ್ಟಿ ಎರಡು ಹಂತ ಬೆಳಕು ಅದರಲ್ಲಿ ಕಳೆದುಹೋದರೆ 1/16 ಶಕ್ತಿ. ಫ್ಲಾಶ್ ತನ್ನ ಬಲದ ಹದಿನಾರನೆಯ ಒಂದು ಪಾಲನ್ನಷ್ಟೇ ಬಳಸುತ್ತಿದೆ ಎಂಬುದನ್ನು ಮಕ್ಕಳಿಗೆ ಎತ್ತಿ ತೋರಿಸಬೇಕು. ಚಿಕ್ಕ ಕೋಣೆಗೆ ದುಬಾರಿ ದೊಡ್ಡ ದೀಪ ಬೇಕೆಂಬುದು ಅಂಗಡಿಯವರ ಮಾತು.

ಬಯಲಿನಲ್ಲಿ ಲೆಕ್ಕ ತಲೆಕೆಳಗಾಗುತ್ತದೆ. ವಿಜಯದಶಮಿಯಂದು ಕೊಯಮತ್ತೂರಿನಲ್ಲಿ ಚೌಡೇಶ್ವರಿಯ ಅಲಗು ಸೇವೆಯ ಮೆರವಣಿಗೆ ಹೊರಡುವಾಗ ಬಿಸಿಲು ನೆತ್ತಿಯ ಮೇಲಿದ್ದರೆ, ಹುಬ್ಬಿನ ನೆರಳು ಕಣ್ಣನ್ನು ಮುಚ್ಚಿಬಿಡುತ್ತದೆ. ನಿಚ್ಚಳ ಬಿಸಿಲಿಗೆ ಐಎಸ್ಒ 100ರಲ್ಲಿ 1/200 ಸೆಕೆಂಡ್, ಎಫ್/11 ಬೇಕು. 32ನ್ನು 11ರಿಂದ ಭಾಗಿಸಿದರೆ ಮೂರು ಮೀಟರಿಗಿಂತ ತುಸು ಕಡಿಮೆ. ಅಷ್ಟು ಹತ್ತಿರದಿಂದ, ಪರದೆಯಿಲ್ಲದೆ, ಪೂರ್ಣ ಶಕ್ತಿಯಲ್ಲಿ ಬೆಳಗಿದರೆ ಮಾತ್ರ ಈ ಫ್ಲಾಶ್ ಸೂರ್ಯನಿಗೆ ಸಮನಾದೀತು. ನೆರಳನ್ನು ತುಸು ತಿಳಿಗೊಳಿಸಲು ಅದರ ಅರ್ಧವೋ ಕಾಲುಭಾಗವೋ ಸಾಕು. ಆವೇಶದಲ್ಲಿರುವ ಭಕ್ತರ ಮುಖಕ್ಕೆ ಮೂರು ಮೀಟರಿನಿಂದ ಫ್ಲಾಶ್ ಬೆಳಗಿಸಬೇಕೇ ಎಂಬುದು ಬೇರೆಯ ಪ್ರಶ್ನೆ. ಅದನ್ನು ತರಗತಿಯಲ್ಲಿ ಚರ್ಚೆಗೆ ಇಡಬಹುದು.

ಬಟ್ಟೆಯೇ ದೀಪ

ಬೆಳಕು ಮೃದುವೋ ಗಡುಸೋ ಎಂಬುದು ದೀಪದ ಶಕ್ತಿಯಿಂದ ನಿರ್ಧಾರವಾಗುವುದಿಲ್ಲ. ಕುಳಿತವರ ಕಣ್ಣಿಗೆ ಆ ದೀಪ ಎಷ್ಟು ದೊಡ್ಡದಾಗಿ ಕಾಣುತ್ತದೆ ಎಂಬುದರಿಂದ ನಿರ್ಧಾರವಾಗುತ್ತದೆ. ಸೂರ್ಯನ ವ್ಯಾಸ ಸುಮಾರು 14 ಲಕ್ಷ ಕಿಲೋಮೀಟರ್. ಆದರೂ 15 ಕೋಟಿ ಕಿಲೋಮೀಟರ್ ದೂರದಲ್ಲಿರುವ ಅದು ನಮ್ಮ ಕಣ್ಣಿಗೆ ಬೊಟ್ಟಿನಷ್ಟು. ಅದಕ್ಕೇ ಬಿಸಿಲಿನ ನೆರಳಿಗೆ ಕತ್ತರಿಯಲ್ಲಿ ಕತ್ತರಿಸಿದಂಥ ಅಂಚು. ಮೋಡ ಕವಿದರೆ ಆಕಾಶವೆಲ್ಲ ದೀಪವಾಗಿ ನೆರಳು ಕರಗುತ್ತದೆ. ಫ್ಲಾಶಿನ ಗಾಜು ಎರಡು ಬೆರಳಗಲ. ಅದರ ಮುಂದೆ ಒಂದು ಮೀಟರ್ ಅಗಲದ ಬಿಳಿ ಬಟ್ಟೆ ಕಟ್ಟಿ ಬೆಳಕು ಅದರ ತುಂಬ ಹರಡುವಂತೆ ಮಾಡಿದರೆ ಆ ಬಟ್ಟೆಯೇ ದೀಪವಾಗುತ್ತದೆ. ಅದೇ ಬಟ್ಟೆಯನ್ನು ಮೂರು ಮೀಟರ್ ದೂರಕ್ಕೆ ಒಯ್ದರೆ ಮತ್ತೆ ಚಿಕ್ಕ ದೀಪ. ‘ದೊಡ್ಡದು, ಹತ್ತಿರ’ ಎಂಬ ಎರಡು ಮಾತುಗಳನ್ನು ಜೊತೆಯಾಗಿಯೇ ಕಲಿಸಬೇಕು.

ಈ ಎರಡು ಜಿಲ್ಲೆಗಳಲ್ಲಿ ಬಿಳಿ ಬಟ್ಟೆಗೆ ಬರವಿಲ್ಲ. ತಿರುಪ್ಪೂರಿನ ಬನಿಯನ್ ಬಟ್ಟೆ ಒಂದು ಪದರ ಕಟ್ಟಿದರೆ ಸಾಕು. ಚಲುವೆ ಮಾಡದ ಬಟ್ಟೆ ತುಸು ಹಳದಿಯಾಗಿದ್ದು ಬೆಳಕಿಗೂ ಆ ಬಣ್ಣ ಅಂಟುತ್ತದೆ. ಮಕ್ಕಳು ಎರಡನ್ನೂ ಕಟ್ಟಿ ಹೋಲಿಸಲಿ. ಬಟ್ಟೆ ಫ್ಲಾಶಿಗೆ ತಾಗದಂತೆ ಅರ್ಧ ಮೀಟರ್ ಅಂತರವಿರಲಿ. ತಾಗಿದರೆ ಬಿಸಿಯ ಭಯ ಒಂದು, ಬೆಳಕು ಹರಡದೆ ಉಳಿಯುವುದು ಇನ್ನೊಂದು.

ಬಟ್ಟೆಯ ಚಿತ್ರವನ್ನೇ ತೆಗೆಯುವುದಾದರೆ ಮೃದು ಬೆಳಕು ಎಲ್ಲ ಕಡೆಗೂ ಒಪ್ಪುವುದಿಲ್ಲ. ಬನಿಯನ್ ಬಟ್ಟೆ ಕುಣಿಕೆಗಳ ಸಾಲು, ಮಗ್ಗದ ಬಟ್ಟೆ ಹಾಸು ಮತ್ತು ಹೊಕ್ಕಿನ ಹೆಣಿಗೆ. ಎದುರಿನಿಂದ ಬೆಳಕು ಬಿಟ್ಟರೆ ಇವೆರಡರ ವ್ಯತ್ಯಾಸ ಅಳಿಸಿಹೋಗುತ್ತದೆ. ಫ್ಲಾಶನ್ನು ಬಟ್ಟೆಯ ಮೈಗೆ ಸವರಿಕೊಂಡು ಹೋಗುವಂತೆ ಪಕ್ಕದಿಂದ ಇಟ್ಟರೆ ಒಂದೊಂದು ನೂಲಿಗೂ ಒಂದೊಂದು ಸಣ್ಣ ನೆರಳು ಹುಟ್ಟುತ್ತದೆ. ನೆಗಮಂ ಹತ್ತಿ ಸೀರೆ, ಹತ್ತಿಯೊಡನೆ ರೇಷ್ಮೆ ಬೆರೆತ ಕೋವೈ ಕೋರಾ ಸೀರೆ ಇವೆರಡಕ್ಕೂ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಿದೆ. ಇವೆರಡನ್ನೂ ಹೀಗೆ ಪಕ್ಕಬೆಳಕಿನಲ್ಲಿ ತೆಗೆದು ಹೋಲಿಸುವುದು ಒಳ್ಳೆಯ ಅಭ್ಯಾಸ. ಜರಿಯ ಅಂಚಿನದು ಬೇರೆ ಕಥೆ. ಜರಿ ಕನ್ನಡಿಯಂತೆ ವರ್ತಿಸುತ್ತದೆ, ಪತನ ಕೋನಕ್ಕೆ ಸಮನಾದ ಪ್ರತಿಫಲನ ಕೋನ. ಫ್ಲಾಶನ್ನು ನೇರವಾಗಿ ತೋರಿಸಿದರೆ ಒಂದು ಕಡೆ ಬೆಂಕಿಯ ಕಿಡಿ, ಉಳಿದೆಡೆ ಕಪ್ಪು ದಾರ. ಕ್ಯಾಮೆರಾದಿಂದ ನೋಡಿದಾಗ ಜರಿಯಲ್ಲಿ ಬಿಳಿ ಪರದೆಯೇ ಪ್ರತಿಬಿಂಬಿಸುವಂತೆ ಆ ಪರದೆಯನ್ನು ಸರಿಸಿದಾಗ ಮಾತ್ರ ಜರಿ ಜರಿಯಾಗಿ ಕಾಣುತ್ತದೆ. ಪ್ರತಿಫಲನದ ನಿಯಮವನ್ನು ಬಾಯಿಪಾಠ ಮಾಡಿದ ಮಗುವಿಗೆ ಅದರ ಉಪಯೋಗ ಕಾಣುವುದು ಇಲ್ಲಿ.

ಮಗ್ಗದ ಎದುರಿನಲ್ಲಿ

ಕುಣಿಮಗ್ಗದಲ್ಲಿ ನೇಯುವವರು ನೆಲದ ಮಟ್ಟದಲ್ಲಿ ಕುಳಿತು ಕಾಲುಗಳನ್ನು ಕುಣಿಯೊಳಗೆ ಇಳಿಬಿಟ್ಟಿರುತ್ತಾರೆ. ಅವರ ಕಣ್ಣು ನೂಲಿನ ಮೇಲೆ. ನಿಂತುಕೊಂಡು ಚಿತ್ರ ತೆಗೆದರೆ ನೆತ್ತಿ ಮಾತ್ರ ಸಿಗುತ್ತದೆ. ಕ್ಯಾಮೆರಾ ಅವರ ಎದೆಯ ಮಟ್ಟಕ್ಕೆ ಇಳಿಯಬೇಕು. 1/30 ಸೆಕೆಂಡಿನಲ್ಲಿ ಕೈ ನಡುಗುವುದರಿಂದ ಒಂದು ಮಣೆಯ ಮೇಲೆ ಅದನ್ನು ಊರಿಡುವುದು ಒಳಿತು.

ಫ್ಲಾಶನ್ನು ಎಲ್ಲಿ ಇಡಬೇಕು? ಬೆಳಕಿನ ಪುಸ್ತಕಗಳು ನಲವತ್ತೈದು ಡಿಗ್ರಿ ಪಕ್ಕಕ್ಕೆ, ನಲವತ್ತೈದು ಡಿಗ್ರಿ ಮೇಲಕ್ಕೆ ಎನ್ನುತ್ತವೆ. ಆರಂಭಕ್ಕೆ ಅದು ಸರಿ. ಆದರೆ ಮಗ್ಗದ ಮನೆಯಲ್ಲಿ ಇನ್ನೂ ಒಳ್ಳೆಯ ಗುರು ಕಿಟಕಿ. ನೂಲು ಕಡಿದದ್ದು ಕಾಣಬೇಕೆಂದು ಮಗ್ಗವನ್ನು ಹೂಡಿದವರೇ ಬೆಳಕಿನ ದಿಕ್ಕನ್ನು ಆಗಲೇ ಯೋಚಿಸಿರುತ್ತಾರೆ. ಫ್ಲಾಶನ್ನೂ ಪರದೆಯನ್ನೂ ಆ ಕಿಟಕಿಯ ಪಕ್ಕದಲ್ಲೇ, ಅದೇ ದಿಕ್ಕಿನಿಂದ ಇಟ್ಟರೆ ಚಿತ್ರದಲ್ಲಿ ಫ್ಲಾಶ್ ಕಾಣುವುದಿಲ್ಲ. ಕಿಟಕಿ ದೊಡ್ಡದಾದಂತೆ ಕಾಣುತ್ತದೆ. ಎದುರಿನ ದಿಕ್ಕಿನಿಂದ ಇಟ್ಟರೆ ಮುಖಕ್ಕೆ ಎರಡು ಮೂಗಿನ ನೆರಳು ಬಿದ್ದು ಮನೆ ನಾಟಕದ ರಂಗದಂತಾಗುತ್ತದೆ. ಕನ್ನಡಕದಲ್ಲಿ ಫ್ಲಾಶ್ ಹೊಳೆದರೆ ಅದನ್ನು ಇನ್ನಷ್ಟು ಎತ್ತರಿಸಬೇಕು. ಮಗ್ಗದ ಮೇಲೆ ಹಳದಿ ಬಲ್ಬು ಉರಿಯುತ್ತಿದ್ದರೆ ಅದರ ಬಣ್ಣತಾಪ ಸುಮಾರು 2,700 ಕೆಲ್ವಿನ್, ಫ್ಲಾಶಿನದು ಸುಮಾರು 5,500. ಎರಡೂ ಸೇರಿದರೆ ಮುಖ ನೀಲಿ, ಗೋಡೆ ಕಿತ್ತಳೆ. ಫ್ಲಾಶಿಗೆ ಕಿತ್ತಳೆ ಹಾಳೆ ಹಚ್ಚಿ ಎರಡನ್ನೂ ಒಂದಾಗಿಸಬಹುದು. ಬಲ್ಬನ್ನು ಆರಿಸಲು ಹೇಳುವುದು ಇನ್ನೂ ಸುಲಭವೇನೋ ಸರಿ, ಆದರೆ ಅದು ಅವರು ನೇಯುವ ಬೆಳಕು.

ಲಾಳಿಯನ್ನು ಹಿಡಿಯುವ ಚಿತ್ರ ಮಕ್ಕಳಿಗೆ ಅತ್ಯಂತ ಪ್ರಿಯವಾಗುತ್ತದೆ. 1733ರಲ್ಲಿ ಇಂಗ್ಲೆಂಡಿನ ಜಾನ್ ಕೇ ಹಾರುಲಾಳಿಗೆ ಪೇಟೆಂಟ್ ಪಡೆದ. ಹಗ್ಗ ಎಳೆದೊಡನೆ ಲಾಳಿ ಅತ್ತಿತ್ತ ಓಡುವ ಮಗ್ಗಗಳು ಆ ವಂಶದವು. ಲಾಳಿ ಸೆಕೆಂಡಿಗೆ ಐದು ಮೀಟರ್ ಓಡುತ್ತದೆಂದು ಇಟ್ಟುಕೊಂಡರೆ 1/200 ಸೆಕೆಂಡಿನಲ್ಲಿ ಎರಡೂವರೆ ಸೆಂಟಿಮೀಟರ್ ಸಾಗಿ ಮಸುಕಾಗುತ್ತದೆ. ಸೆಕೆಂಡಿನ ಹತ್ತುಸಾವಿರದ ಒಂದು ಭಾಗದ ಫ್ಲಾಶಿಗೆ ಅದು ಸಾಗುವುದು ಅರ್ಧ ಮಿಲಿಮೀಟರ್ ಮಾತ್ರ. ಅಮೆರಿಕದ ಎಂಐಟಿಯಲ್ಲಿ ಹೆರಾಲ್ಡ್ ಎಡ್ಜರ್ಟನ್ 1930ರ ದಶಕದಿಂದ ವಿದ್ಯುತ್ ಫ್ಲಾಶನ್ನು ಬೆಳೆಸಿದ್ದು ಇಂತಹ ಕಾಣದ ಚಲನೆಗಳನ್ನು ಕಾಣುವುದಕ್ಕಾಗಿಯೇ. ಹಾಲಿನ ಹನಿ ಚಿಮ್ಮಿ ಕಿರೀಟವಾಗುವ ಅವರ 1957ರ ಚಿತ್ರವನ್ನು ತರಗತಿಯಲ್ಲಿ ತೋರಿಸಬಹುದು. ಶಟರ್ 1/30ರಲ್ಲಿದ್ದಾಗ ಸ್ಥಿರವಾದ ಲಾಳಿಯ ಜೊತೆಗೆ ನೆಲೆಯ ಬೆಳಕು ಬರೆದ ಒಂದು ಮಬ್ಬು ಗೆರೆಯೂ ಬರುತ್ತದೆ. ಫ್ಲಾಶ್ ಶಟರ್ ತೆರೆದ ಕೂಡಲೇ ಬೆಳಗಿದರೆ ಗೆರೆ ಲಾಳಿಯ ಮುಂದೆ ಚಾಚಿ, ಲಾಳಿ ಹಿಂದಕ್ಕೆ ಓಡುವಂತೆ ತೋರುತ್ತದೆ. ಎರಡನೆಯ ಪರದೆ ಮುಚ್ಚುವ ಮುನ್ನ ಬೆಳಗುವಂತೆ ಹೊಂದಿಸಿದರೆ ಗೆರೆ ಹಿಂದೆ ಬೀಳುತ್ತದೆ.

ಇಷ್ಟೆಲ್ಲ ನಡೆಯುತ್ತಿರುವುದು ಒಬ್ಬರ ಮನೆಯಲ್ಲಿ, ಅವರು ದುಡಿಯುವ ಹೊತ್ತಿನಲ್ಲಿ ಎಂಬುದನ್ನು ಶಿಕ್ಷಕರು ಮರೆಯಬಾರದು. ಫ್ಲಾಶಿಗೆ ಈ ವಿಷಯದಲ್ಲಿ ಹಳೆಯ ಅಪಕೀರ್ತಿಯಿದೆ. 1887ರಲ್ಲಿ ಜರ್ಮನಿಯ ಮೀಥೆ ಮತ್ತು ಗೇಡಿಕೆ ಮೆಗ್ನೀಸಿಯಂ ಪುಡಿಯ ಮಿಂಚುಬೆಳಕನ್ನು ರೂಪಿಸಿದ ಸ್ವಲ್ಪ ಕಾಲದಲ್ಲೇ, ನ್ಯೂಯಾರ್ಕಿನ ಪತ್ರಕರ್ತ ಜೇಕಬ್ ರೀಸ್ ಆ ಪುಡಿಯನ್ನು ಹಿಡಿದು ಬಡವರ ಕತ್ತಲೆಯ ಕೋಣೆಗಳಿಗೆ ನುಗ್ಗಿದರು. 1890ರಲ್ಲಿ ಪುಸ್ತಕವಾಗಿ ಬಂದ ಆ ಕೆಲಸ ವಸತಿ ಸುಧಾರಣೆಗೆ ಒತ್ತಾಸೆಯಾಯಿತೆಂಬುದು ನಿಜ. ನಿದ್ದೆಯಲ್ಲಿದ್ದವರು ಬೆಚ್ಚಿಬಿದ್ದು ಕಣ್ಣು ಕುಕ್ಕಿಸಿಕೊಂಡು ನೋಡುವ ಮುಖಗಳು ಅದರಲ್ಲಿವೆ ಎಂಬುದೂ ನಿಜ. ಕುರುಡರು ವಾಸಿಸುತ್ತಿದ್ದ ಮನೆಯೊಂದಕ್ಕೆ ಅವರ ಪುಡಿಯಿಂದ ಬೆಂಕಿಯೂ ತಗುಲಿತ್ತು. ಉದ್ದೇಶ ಒಳ್ಳೆಯದಾಗಿದ್ದರೂ ಬೆಳಕು ಒರಟಾಗಬಹುದೆಂಬುದಕ್ಕೆ ಈ ಉದಾಹರಣೆಯನ್ನು ಮಕ್ಕಳಿಗೆ ಹೇಳಿ, ಅವರ ಅಭಿಪ್ರಾಯವನ್ನು ಬರೆಸುವುದು ಉಚಿತ.

ಆದುದರಿಂದ ಹಿಂದಿನ ದಿನವೇ ಹೋಗಿ ಒಪ್ಪಿಗೆ ಕೇಳಬೇಕು. ಕ್ಯಾಮೆರಾ ತರದೆ ಹೋಗುವುದು ಲೇಸು. ಸೀರೆಯ ಲೆಕ್ಕದಲ್ಲಿ ಕೂಲಿ ಪಡೆಯುವವರಿಗೆ ನಿಂತ ಮಗ್ಗ ಎಂದರೆ ನಷ್ಟ. ಹೊಂದಿಸುವ ಕೆಲಸವನ್ನೆಲ್ಲ ಒಬ್ಬ ವಿದ್ಯಾರ್ಥಿಯನ್ನು ಪಕ್ಕದಲ್ಲಿ ಕೂರಿಸಿ ಮುಗಿಸಿ, ನೇಕಾರರ ಸಮಯವನ್ನು ಹತ್ತು ನಿಮಿಷಕ್ಕಿಂತ ಹೆಚ್ಚು ಕೇಳಬಾರದು. ಮೊದಲ ಚಿತ್ರವನ್ನು ಮೊದಲು ಅವರಿಗೆ ತೋರಿಸಬೇಕು. ಅವರು ಬೇಡವೆಂದ ಚಿತ್ರವನ್ನು ಅವರೆದುರೇ ಅಳಿಸತಕ್ಕದ್ದು.

ಪದಗಳ ಕೆಲಸ

ಕ್ಯಾಮೆರಾದ ಪದಗಳಿಗೆ ದ್ಯುತಿರಂಧ್ರ, ಕವಾಟ ಮುಂತಾದ ಪಾರಿಭಾಷಿಕ ಶಬ್ದಗಳಿವೆ. ಅವನ್ನು ಒಮ್ಮೆ ಪರಿಚಯಿಸಿದರೆ ಸಾಕು. ಬಾಯಲ್ಲಿ ಅಪರ್ಚರ್, ಶಟರ್ ಎಂದೇ ಇರಲಿ. ಶ್ರಮ ಪಡಬೇಕಾದುದು ಬೆಳಕಿನ ಕ್ರಿಯಾಪದಗಳಲ್ಲಿ. ಮಕ್ಕಳು ಎಲ್ಲಕ್ಕೂ ‘ಫ್ಲಾಶ್ ಹೊಡೆದೆವು’ ಎಂದು ಬರೆದುಬಿಡುತ್ತಾರೆ. ಬೆಳಕು ಬೀಳುತ್ತದೆ, ಸವರುತ್ತದೆ, ಸೋಸುತ್ತದೆ, ಹರಡುತ್ತದೆ, ಕವಿಯುತ್ತದೆ, ಕುಕ್ಕುತ್ತದೆ, ಮಿನುಗುತ್ತದೆ. ಒಂದೊಂದು ಚಿತ್ರಕ್ಕೂ ಒಂದೊಂದು ಕ್ರಿಯಾಪದವನ್ನು ಆರಿಸಿ, ಏಕೆ ಅದೇ ಸರಿ ಎಂದು ವಾದಿಸುವಂತೆ ಮಾಡಬೇಕು.

ಮಗ್ಗದ ಪದಗಳಿಗೆ ಕಿವಿ ಬೇಕು. ಮಗ್ಗ, ಹಾಸು, ಹೊಕ್ಕು, ಲಾಳಿ, ಹಣಿಗೆ ಎಂದು ಪುಸ್ತಕ ಹೇಳಿದರೆ ಮನೆಯಲ್ಲಿ ತರಿ, ಪಾವು, ಊಡೆ, ಅಚ್ಚು ಎಂದು ತಮಿಳು ಮಾತುಗಳು ಬೆರೆತಿರಬಹುದು. ಇದನ್ನು ತಪ್ಪೆಂದು ತಿದ್ದಬಾರದು. ಎರಡು ಅಂಕಣ ಬರೆಸಿ, ಮನೆಯ ಮಾತು ಒಂದು ಕಡೆ, ಪುಸ್ತಕದ ಮಾತು ಇನ್ನೊಂದು ಕಡೆ ಇರಿಸಬೇಕು. ದೇವಾಂಗರಲ್ಲಿ ಕನ್ನಡ ಆಡುವವರೂ ತೆಲುಗು ಆಡುವವರೂ ಇದ್ದಾರೆಂದು ಎಡ್ಗರ್ ಥರ್ಸ್ಟನ್ 1909ರಲ್ಲೇ ದಾಖಲಿಸಿದ್ದರು. ಎಲ್ಲಿಂದ ಬಂದರೂ ಕೈಕಸುಬಿನ ನುಡಿ ನೆರೆಯ ನುಡಿಯೊಡನೆ ಕೊಟ್ಟು ಕೊಂಡು ಬೆಳೆದಿದೆ. ಹಿರಿಯ ವಚನಕಾರ ಜೇಡರ ದಾಸಿಮಯ್ಯನ ಹೆಸರಿನ ಮೊದಲ ಪದಕ್ಕೆ ನೇಕಾರ ಎಂಬ ಅರ್ಥವಿದೆಯೆಂದು ಹೇಳಿದಾಗ, ಬಲೆ ನೇಯುವ ಜೇಡವನ್ನು ಮಕ್ಕಳೇ ನೆನೆಯುತ್ತಾರೆ.

ಬೆಳಕಿನ ಕಸುಬು ಈ ಊರಿಗೆ ಹೊಸದೇನಲ್ಲ ಎಂಬುದನ್ನೂ ಸಮಯವಿದ್ದರೆ ತಿಳಿಸಬಹುದು. ರೈಲ್ವೆ ನೌಕರಿಯಲ್ಲಿದ್ದ ಸಾಮಿಕಣ್ಣು ವಿನ್ಸೆಂಟ್ 1905ರಲ್ಲಿ ಪ್ರೊಜೆಕ್ಟರ್ ಕೊಂಡು ಊರೂರು ತಿರುಗಿ, 1914ರಲ್ಲಿ ಕೊಯಮತ್ತೂರಿನಲ್ಲಿ ವೆರೈಟಿ ಹಾಲ್ ಚಿತ್ರಮಂದಿರ ತೆರೆದರು. ಎಸ್.ಎಂ. ಶ್ರೀರಾಮುಲು ನಾಯ್ಡು ಅವರ ಪಕ್ಷಿರಾಜ ಸ್ಟುಡಿಯೊ ಇದ್ದುದೂ ಇದೇ ನಗರದಲ್ಲಿ. 1954ರ ‘ಮಲೈಕ್ಕಳ್ಳನ್’ ಚಿತ್ರದ ಕಥೆಯೇ 1957ರಲ್ಲಿ ‘ಬೆಟ್ಟದ ಕಳ್ಳ’ ಎಂದು ಕನ್ನಡಕ್ಕೂ ಬಂತು.

ಮೌಲ್ಯಮಾಪನಕ್ಕೆ ಚಿತ್ರದ ಅಂದವನ್ನು ಲೆಕ್ಕಿಸುವುದು ಬೇಡ. ಪ್ರತಿ ಮಗುವೂ ಒಂದು ಚಿತ್ರವನ್ನು ಆರಿಸಿ ಎಂಟರಿಂದ ಹತ್ತು ವಾಕ್ಯಗಳ ಪ್ಯಾರಾ ಬರೆಯಲಿ. ಕುಳಿತವರು ಯಾರು, ಏನು ನೇಯುತ್ತಿದ್ದರು, ಬೆಳಕು ಯಾವ ಕಡೆಯಿಂದ ಬಂತು, ಅದನ್ನು ಅಲ್ಲಿ ಏಕೆ ಇಟ್ಟೆವು ಎಂಬ ನಾಲ್ಕು ಸಂಗತಿಗಳು ಅದರಲ್ಲಿ ಇರಬೇಕು. ಮನೆಯ ಮಾತಿನ ಮಗ್ಗದ ಪದ ಕನಿಷ್ಠ ಎರಡಾದರೂ ಇರಬೇಕು. ಅಂಕಗಳು ಪ್ಯಾರಾಕ್ಕೆ.

ಚಿತ್ರದ ಒಂದು ಅಚ್ಚುಪ್ರತಿಯನ್ನು ತೆಗೆಸಿ, ಹಿಂಬದಿಯಲ್ಲಿ ಹೆಸರು, ಊರು, ದಿನಾಂಕಗಳನ್ನು ಕನ್ನಡದಲ್ಲೂ ತಮಿಳಿನಲ್ಲೂ ಬರೆದು, ಮುಂದಿನ ವಾರ ಮಗುವೇ ಮಗ್ಗದ ಮನೆಗೆ ಒಯ್ಯಬೇಕು. ಅಲ್ಲಿ ತನ್ನ ಪ್ಯಾರಾವನ್ನು ಗಟ್ಟಿಯಾಗಿ ಓದಿ ಹೇಳಬೇಕು. ಕೇಳಿದವರು ‘ಅದಕ್ಕೆ ಹಾಗನ್ನುವುದಿಲ್ಲ’ ಎಂದು ಒಂದು ಪದವನ್ನು ತಿದ್ದಿದರೆ, ಆ ತಿದ್ದುಪಡಿಯನ್ನು ಪ್ಯಾರಾದ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದುಕೊಂಡು ಬರತಕ್ಕದ್ದು. ಅದಕ್ಕೆಂದು ಹಾಳೆಯ ಎಡಬದಿಯಲ್ಲಿ ನಾಲ್ಕು ಬೆರಳಗಲ ಜಾಗ ಬಿಟ್ಟಿರಲಿ.